ಮೇಲಿನ ಕೆರೆಗೆ ನಾನು ಬಿಟ್ಟ ಮೀನು

ಮೀನುಮರಿಗಳ ಟೆಂಪೊ ಗಂಗಾವತಿ ಬಿಟ್ಟದ್ದು ಬೆಳಿಗ್ಗೆ ಆರಕ್ಕೆ. ಇರಕಲ್ಲಗಡದ ಆಚೆ, ಎಲ್ಲರೂ ಮೇಲಿನ ಕೆರೆ ಎಂದು ಕರೆಯುವ ಕೆರೆಯ ಏರಿಗೆ ಅದು ಎಂಟರೊಳಗೆ ಮುಟ್ಟಬೇಕಿತ್ತು. ದಾರಿಯಲ್ಲಿ ಎರಡು ಸಲ ಗಾಲಿ ಪಂಕ್ಚರ್ ಆಗಿ ಮುಟ್ಟಿದಾಗ ಹನ್ನೊಂದೂವರೆ ಆಗಿತ್ತು. ಆಗಸ್ಟ್ ತಿಂಗಳಾದರೂ ಬಿಸಿಲು ಚುರುಗುಟ್ಟುತ್ತಿತ್ತು. ಏರಿಯ ಮೇಲೆ ಶಾಮಿಯಾನ ಹಾಕಿ ಗಣ್ಯರು ಕೂತಿದ್ದರು. ನನ್ನ ಮೇಲಧಿಕಾರಿ ಗಡಿಯಾರ ನೋಡುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು.

ಮೀನುಗಾರಿಕೆ ಓದಿದ ನಾನು ಆಗ ಒಂದು ಕೆರೆ ಅಭಿವೃದ್ಧಿ ಯೋಜನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಊರಿನ ಮೀನುಗಾರರ ಸಂಘಕ್ಕೆ ಮರಿ ತರಿಸಿಕೊಡುವುದು, ಬಿಡುವ ಮುಂಚೆ ಪರೀಕ್ಷೆ ಮಾಡುವುದು, ಆಮೇಲೆ ತಿಂಗಳಿಗೊಮ್ಮೆ ಬಲೆ ಹಾಕಿ ಬೆಳವಣಿಗೆ ಅಳೆಯುವುದು ನನ್ನ ಕೆಲಸ.

ಮರಿಗಳು ಬರುವುದು ಪ್ಲಾಸ್ಟಿಕ್ ಚೀಲಗಳಲ್ಲಿ. ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ ತುಂಬಿ ಬಾಯಿ ಬಿಗಿದಿರುತ್ತಾರೆ. ತಂದ ಕೂಡಲೇ ಬಿಚ್ಚಿ ಸುರಿಯುವಂತಿಲ್ಲ. ಚೀಲವನ್ನು ಕೆರೆಯಲ್ಲಿ ತೇಲಬಿಟ್ಟು ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬರುವ ತನಕ ಕಾಯಬೇಕು. ಆ ಹೊತ್ತಿನಲ್ಲಿ ಒಂದು ಬಟ್ಟಲು ಮರಿಗಳನ್ನು ಬಿಳಿ ತಟ್ಟೆಗೆ ಸುರಿದು ಒಂದೊಂದನ್ನೂ ನೋಡಬೇಕು. ಅವತ್ತು ತಟ್ಟೆಯಲ್ಲಿ ನೂರರ ಆಸುಪಾಸು ಮರಿಗಳಿದ್ದವು. ರೋಹು, ಕಾಟ್ಲಾ, ಮೃಗಾಲ್. ಅವುಗಳ ನಡುವೆ ನಾಲ್ಕು ಬೇರೆಯವು. ಮೈಮೇಲೆ ಮಸುಕಾದ ಪಟ್ಟೆಗಳು, ಬೆನ್ನ ರೆಕ್ಕೆಯ ಹಿಂಬದಿಗೆ ಒಂದು ಕರಿ ಚುಕ್ಕೆ.

ಅದು ತಿಲಾಪಿಯಾ. ನಮ್ಮ ಕಡೆ ಜಿಲೇಬಿ ಮೀನು ಎನ್ನುತ್ತಾರೆ. ಕಾಲುವೆ ನೀರಿನ ಜೊತೆ ಮರಿ ಸಾಕುವ ಹೊಂಡಕ್ಕೆ ನುಗ್ಗಿರಬೇಕು. ಆಗ ಮಾಡಬೇಕಾದದ್ದು ನನಗೆ ಬಾಯಿಪಾಠವಿತ್ತು. ಬಿಡುಗಡೆ ನಿಲ್ಲಿಸಿ, ಅಷ್ಟೂ ಮರಿಗಳನ್ನು ನೀರಿನಲ್ಲೇ ಕಟ್ಟಿದ ಸಣ್ಣ ಕಣ್ಣಿನ ಬಲೆಯ ಗೂಡಿಗೆ ಹಾಕಿ, ಕೈಯಿಂದ ಆರಿಸಬೇಕು, ಇಲ್ಲವೇ ವಾಪಸು ಕಳಿಸಬೇಕು. ಎರಡು ದಿನದ ಕೆಲಸ. ಎಷ್ಟೋ ಚೀಲಗಳಲ್ಲಿ ಮರಿಗಳು ಆಗಲೇ ಹೊಟ್ಟೆ ಮೇಲೆ ಮಾಡುತ್ತಿದ್ದವು.

ಸಂಘದ ಅಧ್ಯಕ್ಷರ ಹೆಂಡತಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಬಲೆ ಹೆಣೆಯುವುದರಲ್ಲಿ ಆ ಊರಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳು ತಟ್ಟೆಗೆ ಬೆರಳು ತೋರಿಸಿದಳು.

"ಮೇಡಂ, ಇದ್ಯಾವ ಮೀನ್ರಿ? ಬೆನ್ನಾಗ ಕರೇ ಚುಕ್ಕಿ ಐತಲ್ಲ."

ಏರಿಯ ಮೇಲಿಂದ ಮೇಲಧಿಕಾರಿ ಕೂಗಿದರು, ಇನ್ನೆಷ್ಟು ಹೊತ್ತು ಎಂದು.

"ರೋಹುನ ಐತಿ," ಅಂದೆ. "ಸಣ್ಣದಿದ್ದಾಗ ಹಂಗ ಕಾಣ್ತೈತಿ."

ಅವಳು ಇನ್ನೊಮ್ಮೆ ಬಗ್ಗಿ ನೋಡಿದಳು. "ಹೌದೇನ್ರಿ," ಎಂದು ಎದ್ದು ಹೋದಳು. ನಾನು ಆ ನಾಲ್ಕನ್ನೂ ಹಿಡಿದು ಕೆಸರಿಗೆ ಹಾಕಿ ಚಪ್ಪಲಿಯಿಂದ ಒತ್ತಿದೆ. ಬಾಕಿ ಚೀಲಗಳಲ್ಲಿ ಎಷ್ಟಿವೆ ಎಂದು ನೋಡಲಿಲ್ಲ. ಚೀಲಗಳು ಬಿಚ್ಚಿಕೊಂಡವು, ಫೋಟೊ ಆಯಿತು. ಮರಿಗಳು ಶುದ್ಧವಾಗಿವೆ ಎಂಬ ಕಾಗದಕ್ಕೆ ಜೀಪಿನ ಬಾನೆಟ್ಟಿನ ಮೇಲೆ ಸಹಿ ಹಾಕಿದೆ.

ಮೊದಲ ಮೂರು ತಿಂಗಳ ಬಲೆಯಲ್ಲಿ ಏನೂ ಕಾಣಲಿಲ್ಲ. ರೋಹು, ಕಾಟ್ಲಾ ಛಂದಾಗಿ ಬೆಳೆದಿದ್ದವು. ಅಕ್ಟೋಬರದ ಮಳೆಗೆ ಕೆರೆ ತುಂಬಿ ಮೂರು ದಿನ ಕೋಡಿ ಬಿದ್ದಾಗ ಊರಿನವರ ಜೊತೆ ನಾನೂ ಹೋಗಿ ನಿಂತು ನೋಡಿ ಬಂದೆ. ಜಿಲೇಬಿ ಮರಿಗಳು ಸತ್ತೇ ಹೋಗಿರಬೇಕು, ಇಲ್ಲವೇ ಕೊರವ ಮೀನು ತಿಂದಿರಬೇಕು ಎಂದುಕೊಂಡಿದ್ದೆ.

ನಾಲ್ಕನೇ ತಿಂಗಳು, ಡಿಸೆಂಬರಿನಲ್ಲಿ, ಬಲೆಯ ಮೂಲೆಯಲ್ಲಿ ಬೆರಳುದ್ದದ ಒಂದು ಮೀನು ಸಿಕ್ಕಿತು. ಗಂಟಲು ಉಬ್ಬಿತ್ತು. ಬಾಯಿ ಅಗಲಿಸಿದೆ. ಸಾಸಿವೆಗಿಂತ ತುಸು ದೊಡ್ಡ, ಹಳದಿ ಮೊಟ್ಟೆಗಳು ಅಂಗೈಗೆ ಉದುರಿದವು. ಬಲೆ ಎಳೆಯುತ್ತಿದ್ದವರು ಬೆನ್ನು ಮಾಡಿ ನಿಂತಿದ್ದರು. ಮೀನನ್ನು ಮೊಟ್ಟೆ ಸಮೇತ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಳತೆಯ ಹಾಳೆಯಲ್ಲಿ "ಇತರೆ" ಎಂಬ ಕಲಂ ಇರುತ್ತದೆ. ಅಲ್ಲಿ ಒಂದು ಎಂದು ಬರೆದೆ.

ಅವತ್ತು ಮನೆಗೆ ಬಂದು ನೋಟ್‌ಬುಕ್ ತೆಗೆದು ಕೂತೆ. ರೋಹು, ಕಾಟ್ಲಾ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಬಿಟ್ಟಷ್ಟೇ ಮೀನು, ಸತ್ತಷ್ಟು ಕಡಿಮೆ. ಜಿಲೇಬಿಯ ರೀತಿ ಬೇರೆ. ಮೂರು ತಿಂಗಳಿಗೆ ಬೆಳೆದು ನಿಲ್ಲುತ್ತದೆ. ಗಂಡು ಕೆರೆಯ ತಳದಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ, ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಬಾಯಿಗೆ ತುಂಬಿಕೊಂಡು ಉಪವಾಸವಿದ್ದು ಕಾಯುತ್ತದೆ. ಮರಿಗಳು ಹೊರಗೆ ಬಂದ ಮೇಲೂ ಅಪಾಯ ಕಂಡರೆ ತಾಯಿಯ ಬಾಯಿಗೇ ಓಡುತ್ತವೆ. ಬೇರೆ ಮೀನುಗಳ ಮೊಟ್ಟೆ ಸಾವಿರಗಟ್ಟಲೆ ಹಾಳಾಗುತ್ತವೆ. ಇದರದು ನೂರಿನ್ನೂರೇ, ಆದರೆ ಬಹಳಷ್ಟು ಬದುಕುತ್ತವೆ. ಒಂದೂವರೆ ತಿಂಗಳಿಗೆ ತಾಯಿ ಮತ್ತೆ ಸಿದ್ಧ, ಮೂರು ತಿಂಗಳಿಗೆ ಮಗಳೂ ತಾಯಿ. ನಾನು ಸಾಲು ಸಾಲಾಗಿ ಗುಣಿಸುತ್ತಾ ಹೋದೆ. ಐದನೇ ಸಾಲಿಗೆ ಬಂದ ಸಂಖ್ಯೆ ಆ ಕೆರೆಯಲ್ಲಿ ಹಿಡಿಸುವಂಥದ್ದಲ್ಲ. ಕೆರೆ ತುಂಬಿದ ಮೇಲೆ ಏನಾಗುತ್ತದೆಂದೂ ಓದಿದ್ದೆ. ಮೇವು ಸಾಲದೆ ಮೀನು ಸಾಯುವುದಿಲ್ಲ, ಬೆಳೆಯುವುದು ನಿಲ್ಲಿಸುತ್ತದೆ. ಅಂಗೈಯಷ್ಟಕ್ಕೇ ನಿಂತು, ಅಷ್ಟರಲ್ಲೇ ಮತ್ತೆ ಮರಿ ಮಾಡುತ್ತದೆ.

ಆಗಲೇ ಹೇಳಿದ್ದರೆ ದಾರಿಯಿತ್ತು. ದಂಡೆಯ ಗುಂಡಿಗಳನ್ನು ಹುಡುಕಿ ಕೆಡಿಸಬಹುದಿತ್ತು, ತಾಯಿಮೀನುಗಳನ್ನು ಆರಿಸಿ ಹಿಡಿಯಬಹುದಿತ್ತು. ನನ್ನ ಗುತ್ತಿಗೆ ಮಾರ್ಚಿನಲ್ಲಿ ನವೀಕರಣವಾಗಬೇಕಿತ್ತು. ನೋಟ್‌ಬುಕ್ ಮುಚ್ಚಿಟ್ಟೆ. ಜನವರಿ, ಫೆಬ್ರುವರಿ ಹಾಳೆಗಳಲ್ಲೂ "ಇತರೆ" ಎಂದೇ ಬರೆದೆ. ಅಲ್ಲಿಯ ಅಂಕಿ ಮಾತ್ರ ಬೆಳೆಯುತ್ತಾ ಹೋಯಿತು. ಹಾಳೆಗಳನ್ನು ಯಾರೂ ಓದುತ್ತಿರಲಿಲ್ಲ.

ಏಪ್ರಿಲಿನಲ್ಲಿ ನೀರು ಇಳಿದಾಗ ಸಂಘದವರು ದೊಡ್ಡ ಬಲೆ ಬಿಟ್ಟರು. ಇಡೀ ವರ್ಷ ಕಾದ ದಿನ ಅದು. ನೀರು ಸರಿದ ದಂಡೆಯ ಕೆಸರಿನಲ್ಲಿ ಊಟದ ತಟ್ಟೆಗಳನ್ನು ಒತ್ತಿ ತೆಗೆದಂತೆ ಗುಂಡಿಗಳೇ ಗುಂಡಿಗಳು. ಬಲೆ ಭಾರವಾಗಿ ಬಂತು, ಎಳೆಯುವವರು ಹುರುಪಿನಲ್ಲಿದ್ದರು. ದಂಡೆಗೆ ಬಂದಾಗ ಬಲೆಯ ತುಂಬಾ ಅಂಗೈಯಗಲದ ಕಪ್ಪು ಮೀನುಗಳು ಪಟಪಟ ಹಾರುತ್ತಿದ್ದವು. ನಡುನಡುವೆ ಸಿಕ್ಕ ರೋಹುಗಳು ತಲೆ ದೊಡ್ಡದಾಗಿ, ಮೈ ಸೊರಗಿ, ಇರಬೇಕಾದ ತೂಕದ ಅರ್ಧವೂ ಇರಲಿಲ್ಲ.

ಕೊಪ್ಪಳದಿಂದ ಐಸ್ ಪೆಟ್ಟಿಗೆ ಕಟ್ಟಿಕೊಂಡು ಬರುವ ಮೀನು ವ್ಯಾಪಾರಿ ಸಾಹೇಬರು ಒಂದನ್ನು ಎತ್ತಿ, ಒತ್ತಿ ನೋಡಿ, ಕೆಳಗೆ ಹಾಕಿದರು.

"ಇದು ಜಿಲೇಬಿ ಐತ್ರಿ. ಇಷ್ಟು ಸಣ್ಣ ಮಾಲು ಯಾವ ಗಿರಾಕಿ ತಗೊಂತಾನ? ಬರೇ ಮುಳ್ಳು. ಮುಂದ ದೊಡ್ಡದಾಗ್ತಾವೇನು ಮೇಡಂ?"

"ಇಲ್ಲ," ಅಂದೆ.

ಅಧ್ಯಕ್ಷರು ಬಲೆಯ ಹಗ್ಗ ಹಿಡಿದುಕೊಂಡೇ ನಿಂತಿದ್ದರು. ಮಾತು ಕಡಿಮೆಯ ಮನುಷ್ಯ. "ನಾವು ಬಿಡಲಾರದ ಮೀನು ನಮ್ಮ ಕೆರಿಗೆ ಹ್ಯಾಂಗ ಬಂತು?" ಎಂದರು, ಯಾರನ್ನೂ ನೋಡದೆ.

ಆ ಪ್ರಶ್ನೆಗೆ ಊರು ಒಂದು ವಾರದಲ್ಲಿ ಉತ್ತರ ಹುಡುಕಿಕೊಂಡಿತು. ಅಧ್ಯಕ್ಷರ ತಮ್ಮ ಹಿಂದಿನ ವರ್ಷ ಭತ್ತ ನಾಟಿಗೆಂದು ಗಂಗಾವತಿ ಕಡೆ ಹೋಗಿದ್ದವನು ಬರುವಾಗ ಬಕೆಟ್ಟಿನಲ್ಲಿ ಕಾಲುವೆಯ ಜೀವಂತ ಮೀನು ತಂದಿದ್ದನಂತೆ. ಅದನ್ನು ನಾಲ್ಕು ಜನ ನೋಡಿದ್ದರು. ಸಂಘದ ಸಭೆ ಕರೆದರು. ತಜ್ಞರೆಂದು ನನ್ನನ್ನೂ ಕರೆಸಿ ಕುರ್ಚಿ ಹಾಕಿದರು. ಬಾಕಿ ಎಲ್ಲರೂ ಬೇವಿನ ಮರದ ಕೆಳಗೆ ನೆಲಕ್ಕೆ ಕೂತಿದ್ದರು.

ತಮ್ಮನಿಗೆ ನಲವತ್ತರ ವಯಸ್ಸು. ನಿಂತೇ ಉತ್ತರ ಕೊಟ್ಟ.

"ತಂದಿದ್ದು ಖರೇ. ಮನಿಗೆ ಒಯ್ದು ಸಾರು ಮಾಡ್ಸೀನಿ. ಕೆರಿಗೆ ಬಿಟ್ಟಿಲ್ಲ."

"ಬಕೀಟು ತೊಳಿಯಾಕ ಕೆರಿಗೆ ಹೋಗಿದ್ದಿ," ಎಂದು ಒಬ್ಬ ಹೇಳಿದ.

"ತೊಳದೀನಿ. ಅದರಾಗ ಏನೂ ಇರಲಿಲ್ಲ."

"ಒಂದು ಉಳದಿದ್ರ?"

ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿದರು. ತಮ್ಮನನ್ನು ಉಳಿಸುವ ಮಾತು ನನ್ನಿಂದ ಬರಲಿ ಎಂಬ ಆಸೆ ಅವರ ಮುಖದಲ್ಲಿ ಕಂಡಿತು.

"ಮೇಡಂ, ನೀವು ಓದಿದವ್ರು. ಒಂದು ಮೀನು ತಪ್ಪಿಸಿಕೊಂಡ್ರ ಕೆರಿ ತುಂಬ ಇಷ್ಟಾಗ್ತಾವೇನ್ರಿ?"

ಬಾಯಲ್ಲಿ ಮೊಟ್ಟೆಯಿದ್ದ ಒಂದು ಹೆಣ್ಣು ಸಾಕು. ಶಾಸ್ತ್ರ ಹೇಳುವುದು ಅದನ್ನೇ.

"ಆಗ್ತಾವ," ಅಂದೆ. "ಬಾಯಾಗ ತತ್ತಿ ಇದ್ದ ಒಂದು ಮೀನು ಸಾಕು."

ನಾನು ಆಡಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಮ್ಮ ನನ್ನನ್ನೇ ನೋಡಿದ. ಸಿಟ್ಟಿನಿಂದಲ್ಲ, ಅರ್ಥವಾಗದವನ ಹಾಗೆ. ತಾನೇ ಬಿಟ್ಟಿರಬಹುದೇನೋ ಎಂದು ಅವನಿಗೇ ಅನುಮಾನ ಬಂದಿತೇನೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸಭೆ ಅವನನ್ನು ಸಂಘದಿಂದ ತೆಗೆಯಿತು. ಕೆರೆಗೆ ಬಲೆ ಇಳಿಸುವಂತಿಲ್ಲ ಎಂದಿತು. ನಿರ್ಣಯ ಓದಿದವರು ಅಣ್ಣನೇ. ಮರುವಾರ ತಮ್ಮನು ಹೆಂಡತಿ, ಮಗಳನ್ನು ಕರೆದುಕೊಂಡು ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಚೀಲ ಹೊರಲು ಹೋದ.

ಜೂನಿನಲ್ಲಿ ಮೇಲಧಿಕಾರಿ ನನಗೆ ವರದಿ ಬರೆಯಲು ಹೇಳಿದರು. "ಮೂಲ ಗೊತ್ತಾಗಿದೆಯಂತಲ್ಲ, ಎರಡು ಪುಟದಲ್ಲಿ ಮುಗಿಸಿ," ಎಂದರು. ಮೂಲ ಎಂಬಲ್ಲಿ "ಸ್ಥಳೀಯರಿಂದ ಆಕಸ್ಮಿಕ ಬಿಡುಗಡೆ" ಎಂದು ಬರೆದೆ. ಮುಂದಿನ ಕಲಂ ಹರಡುವಿಕೆಯದು. "ಇದೊಂದೇ ಕೆರೆಗೆ ಸೀಮಿತ" ಎಂದು ಬರೆಯಲು ಹೋಗಿ ಪೆನ್ನು ನಿಂತಿತು.

ಆ ಆಗಸ್ಟಿನಲ್ಲಿ ಅದೇ ಹೊಂಡದ ಮರಿಗಳು ಮಾರನೇ ದಿನ ಅಳವಂಡಿ ಕಡೆಯ ಒಂದು ಕೆರೆಗೂ ಹೋಗಿದ್ದವು. ಅಲ್ಲಿಗೆ ಹೋಗಿದ್ದವಳೂ ನಾನೇ. ಅವತ್ತು ತಟ್ಟೆಗೆ ಮರಿ ಸುರಿಯಲೇ ಇಲ್ಲ. ಕಂಡರೆ ಏನು ಮಾಡಬೇಕಾದೀತು ಎಂದು ಹೆದರಿ. ನಾನು ಈಗ ಈ ಸಾಲು ಬರೆದರೆ ಆ ಕೆರೆಗೆ ಯಾರೂ ಹೋಗಿ ನೋಡುವುದಿಲ್ಲ.

ಯಾರಿಗೂ ಹೇಳದೆ ಬೀಸುಬಲೆಯೊಂದನ್ನು ಎರವಲು ತೆಗೆದುಕೊಂಡು ಅಳವಂಡಿ ಬಸ್ಸು ಹತ್ತಿದೆ. ಆ ಕೆರೆ ದೊಡ್ಡದು, ನೀರು ಇನ್ನೂ ಇತ್ತು. ಮೊದಲೆರಡು ಬೀಸಿಗೆ ಪಾಚಿ ಬಂತು. ಮೂರನೆಯದಕ್ಕೆ ಏಳು ಮೀನು. ಏಳೂ ಜಿಲೇಬಿಯೇ, ಬೆನ್ನ ರೆಕ್ಕೆ ಮುಳ್ಳುಮುಳ್ಳು. ಒಂದರ ಬಾಯಿಯಲ್ಲಿ ಕಣ್ಣು ಮೂಡಿದ ಮರಿಗಳಿದ್ದವು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಛಲೋ ಮೀನು ಬಿದ್ದಾವೇನ್ರಿ?" ಎಂದು ಕೇಳಿದಳು. ನಾನು ಬಲೆ ಮಡಚಿಕೊಂಡೆ.

ಅಲ್ಲಿಂದ ನೆಟ್ಟಗೆ ಮೇಲಿನ ಕೆರೆಯ ಊರಿಗೆ ಹೋದೆ. ಅಧ್ಯಕ್ಷರು ಹೊರಗೆ ಹೋಗಿದ್ದರು. ಹೆಂಡತಿ ಕಟ್ಟೆಯ ಮೇಲೆ ಕೂತು ಬಲೆ ಹೊಲಿಯುತ್ತಿದ್ದಳು. ಅವರು ಬರಲಿ ಎಂದು ಕಾದರೆ ಧೈರ್ಯ ಇಳಿದುಹೋಗುತ್ತದೆ ಅನ್ನಿಸಿ ಅವಳಿಗೇ ಹೇಳಿದೆ. ಚುಕ್ಕೆ ನೋಡಿದ್ದು, ಗೊತ್ತಿದ್ದೂ ರೋಹು ಎಂದದ್ದು, ಡಿಸೆಂಬರಿನ ಮೀನು, ಹಾಳೆಯ "ಇತರೆ", ಎಲ್ಲ. ಅವಳ ಸೂಜಿ ನಿಂತಿತು.

"ನಮ್ಮ ಮೈದುನನ್ನ ನಿಲ್ಲಿಸಿ ಕೇಳಿದಾಗ ನೀವು ಅಲ್ಲೇ ಕುರ್ಚಿ ಮ್ಯಾಲೆ ಕುಂತಿದ್ರಿ," ಎಂದಳು.

"ಹೌದು."

"ನನಗ ಅವತ್ತ ಸಂಶೆ ಬಂದಿತ್ತು. ಹುಟ್ಟಿದಾಗಿಂದ ಮೀನು ನೋಡೀನಿ. ಆದ್ರ ಕಲ್ತವ್ರು ಹೇಳ್ಯಾರಂದಮ್ಯಾಲೆ ನನ್ನ ಕಣ್ಣ ತಪ್ಪಿರಬೇಕು ಅಂದ್ಕೊಂಡೆ." ಸೂಜಿಯನ್ನು ಬಲೆಗೆ ಚುಚ್ಚಿಟ್ಟಳು. "ನೀರು ಕುಡೀರಿ. ಅವರು ಬರ್ಲಿ. ಇದನ್ನ ಸಭಾದಾಗ ಹೇಳ್ಬೇಕು ನೀವು, ನನ್ನ ಮುಂದಲ್ಲ."

ಸಭೆಯಲ್ಲಿ ಹೇಳಿದೆ. ಈ ಸಲ ಕುರ್ಚಿ ಹಾಕಿರಲಿಲ್ಲ. ಬೈಗುಳ ನಿರೀಕ್ಷಿಸಿದ್ದೆ, ಒಂದೆರಡು ಬಂದವು. ಅದಕ್ಕಿಂತ ಕಷ್ಟವಾದದ್ದು ಅಧ್ಯಕ್ಷರ ಒಂದೇ ಮಾತು. ಕೊನೆಗೆ, "ಅಂವನ್ನ ಹೊರಗ ಹಾಕಿದ ಕಾಗದ ನಾನ ಓದೀನಿ," ಎಂದಷ್ಟೇ ಹೇಳಿ ಎದ್ದರು. ವರದಿಯನ್ನು ಹರಿದು ಹೊಸದಾಗಿ ಬರೆದು, ಅಳವಂಡಿ ಕಡೆಯ ಕೆರೆಯನ್ನೂ ಸೇರಿಸಿ ಕೊಟ್ಟೆ. ನನಗೆ ನೋಟಿಸ್ ಬಂತು. ಕೆಲಸ ಹೋಗಲಿಲ್ಲ. ಹೋಗಿದ್ದರೆ ಹಗುರಾಗುತ್ತಿತ್ತೇನೋ ಎಂದು ಆಗ ಅನ್ನಿಸಿದ್ದುಂಟು. ಅದೂ ನನ್ನ ಸುಖದ ಯೋಚನೆಯೇ.

ಗಂಗಾವತಿಗೆ ನಾನೇ ಹೋದೆ. ಗಿರಣಿಯ ಅಂಗಳದಲ್ಲಿ ಅಧ್ಯಕ್ಷರ ತಮ್ಮನು ಲಾರಿಗೆ ಚೀಲ ಏರಿಸುತ್ತಿದ್ದ. ಹೆಗಲಿನ ಮೇಲೆ ತೌಡಿನ ಪುಡಿ. ನಾನು ಹೇಳಿ ಮುಗಿಸುವ ತನಕ ತಲೆ ತಗ್ಗಿಸಿ ಕೇಳಿದ.

"ಅವತ್ತ ನೀವು ಸುಳ್ಳು ಹೇಳಲಿಲ್ಲ ಬಿಡ್ರಿ," ಎಂದ. "ಸುಳ್ಳು ಹೇಳಿದ್ರ ನಮ್ಮಣ್ಣಗ ಗೊತ್ತಾಗ್ತಿತ್ತು. ಖರೇನ ಹೇಳಿದ್ರಿ, ಅದಕ್ಕ ಎಲ್ಲಾರೂ ನಂಬಿದ್ರು."

ಕ್ಷಮೆ ಕೇಳಿದೆ. ಅವನು ಹೆಗಲಿನ ತೌಡು ಕೊಡವಿಕೊಂಡ. ಲಾರಿಯವನು ಕರೆದ. ಹೋಗುವ ಮುಂಚೆ ತಿರುಗಿ, "ಕೆರಿ ಏನ್ಮಾಡ್ತೀರಿ ಈಗ?" ಎಂದು ಕೇಳಿದ.

ಒಣಗಿಸುವುದೊಂದೇ ದಾರಿ ಎಂದೆ.

"ಯಾವಾಗ?"

"ದೊಡ್ಡ ಮಳಿ ಬರೋದ್ರೊಳಗ."

ನಾಲ್ಕನೇ ದಿನಕ್ಕೆ ಅವನು ಊರಿಗೆ ಬಂದಿದ್ದ. ನನಗಾಗಿ ಅಲ್ಲ. ಎಳೆಬಲೆ ಎಳೆಯುವುದರಲ್ಲಿ ಅವನಷ್ಟು ಪಳಗಿದ ಕೈ ಅಲ್ಲಿ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಅಣ್ಣತಮ್ಮ ಮಾತಾಡದೆ ಒಂದೇ ಬಲೆಯ ಎರಡು ತುದಿ ಹಿಡಿದು ಕೆಲಸ ಮಾಡಿದರು.

ತೂಬಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ ನೀರು ಬಿಟ್ಟೆವು. ಉಳಿದದ್ದನ್ನು ಪಂಪಿನಿಂದ ಹೊಲಗಳಿಗೆ ಎತ್ತಿದೆವು. ದನಕರುಗಳಿಗೆ ನೀರೆಲ್ಲಿ ಎಂದು ಊರಿನವರು ತಡೆದರು. ಮೂರು ದಿನ ಪಂಪು ನಿಂತಿತು. ಕೊನೆಗೆ ಏರಿಯ ಬುಡದ ಒಂದು ಗುಂಡಿಯನ್ನು ದನಗಳಿಗೆಂದು ಬಿಡುವುದಾಯಿತು. ಬಾಕಿ ಮಡುಗಳಿಗೆಲ್ಲ ಇಪ್ಪೆ ಹಿಂಡಿ ಕದಡಿ ಹಾಕಿದೆವು. ಅದು ಮೀನಿಗೆ ವಿಷ, ಒಂದಿಷ್ಟು ವಾರ ಕಳೆದರೆ ಗೊಬ್ಬರ. ದನದ ಗುಂಡಿಗೆ ಅದನ್ನು ಹಾಕುವಂತಿರಲಿಲ್ಲ. ಅಲ್ಲಿ ತಮ್ಮನು ಎದೆಮಟ್ಟದ ನೀರಿನಲ್ಲಿ ನಿಂತು ಎಂಟು ಸಲ ಬಲೆ ಎಳೆದ. ಎಂಟನೆಯ ಸಲವೂ ಐದು ಮೀನು ಬಂದವು. ಒಂಬತ್ತನೆಯದಕ್ಕೆ ಮಳೆ ಹಿಡಿಯಿತು.

ಹೀಗಾಗಿ ಪೂರ್ತಿ ಹೋಗಲಿಲ್ಲ. ಆ ವರ್ಷ ಕೊರವ ಮರಿಗಳನ್ನು ಹೆಚ್ಚು ಬಿಟ್ಟೆವು, ಅವು ಜಿಲೇಬಿ ಮರಿಗಳನ್ನು ತಿನ್ನಲಿ ಎಂದು. ಸಂಘದವರು ತಿಂಗಳಿಗೊಮ್ಮೆ ದಂಡೆ ಸುತ್ತಿ ಗುಂಡಿ ಕೆಡಿಸುತ್ತಾರೆ. ಈಗ ಮೇಲಿನ ಕೆರೆಯಲ್ಲಿ ಜಿಲೇಬಿ ಇದೆ, ಹತೋಟಿಯಲ್ಲಿದೆ. ರೋಹು ಮತ್ತೆ ತೂಕ ಹಿಡಿದಿದೆ. ಅಳವಂಡಿ ಕಡೆಯ ಕೆರೆ ಒಣಗಿಸಲಾಗದಷ್ಟು ದೊಡ್ಡದು. ಅಲ್ಲಿಂದ ಇನ್ನು ಅದನ್ನು ತೆಗೆಯುವುದು ಆಗದ ಮಾತು. ತಮ್ಮನನ್ನು ಸಂಘಕ್ಕೆ ತಿರುಗಿ ಸೇರಿಸಿಕೊಂಡರು. ಆ ನಿರ್ಣಯವನ್ನೂ ಅಣ್ಣನೇ ಓದಿದರು.

ಇಷ್ಟಾದ ಮೇಲೆ ಕಳೆದ ಬೇಸಿಗೆಯಲ್ಲಿ ಹಳ್ಳದ ಗುಂಟ ಕೆಳಗಿನ ಕೆರೆಗೆ ಹೋದೆ. ಮೇಲಿನ ಕೆರೆಯ ಕೋಡಿ ನೀರು ಸೇರುವುದು ಅಲ್ಲಿಗೆ. ಒಂದು ದಂಡೆಯುದ್ದಕ್ಕೂ ತಟ್ಟೆಯಾಕಾರದ ಗುಂಡಿಗಳಿದ್ದವು. ನಾವು ಒಣಗಿಸುವುದಕ್ಕೆ ಎಷ್ಟೋ ಮುಂಚೆ, ಮೊದಲ ಅಕ್ಟೋಬರದ ಕೋಡಿಯಲ್ಲೇ ಮರಿಗಳು ಇಳಿದಿರಬೇಕು. ನಾನು ನಿಂತು ನೋಡುತ್ತಿದ್ದಾಗಲೇ.

ನೆರಳಿನಲ್ಲಿ ಕೂತು ಮೀನು ಆರಿಸುತ್ತಿದ್ದ ಒಬ್ಬ ಹೆಂಗಸನ್ನು ಈ ಮೀನು ಯಾವಾಗ ಬಂತು ಎಂದು ಕೇಳಿದೆ.

"ಆತ್ರಿ ಎಲ್ಡು ವರ್ಷ. ಮ್ಯಾಲಿನ ಊರಾಗ ಒಬ್ಬ ಅದಾನಂತ, ಅಧ್ಯಕ್ಷನ ತಮ್ಮ. ಗಂಗಾವತಿಯಿಂದ ಬಕೀಟಿನ್ಯಾಗ ತಂದು ಬಿಟ್ಟಾನ. ನಮ್ಮ ಕೆರಿನೂ ಹಾಳು ಮಾಡಿದ."

"ಅವನಲ್ಲ," ಅಂದೆ.

"ಅವನ ಅಂತ್ರಿ. ಊರೆಲ್ಲಾ ಹೇಳ್ತೈತಿ. ಅವನ ಮಗಳಿಗೆ ನಮ್ಮೂರಾಗ ಸಂಬಂಧ ಬಂದಿತ್ತು, ಅದಕ್ಕ ಬ್ಯಾಡ ಅಂದ್ರು."

ಇದು ಅವನಿಗೆ ಗೊತ್ತಿದ್ದೀತೆ, ಗೊತ್ತಿದ್ದೂ ನನಗೆ ಹೇಳದೆ ಇದ್ದಾನೆಯೇ ಎಂದು ಯೋಚಿಸಿದೆ. ಹೇಳುವುದಕ್ಕೆ ನಾನು ಅವನಿಗೆ ಯಾರು?

"ಆ ಮೀನು ಬಿಟ್ಟಾಕಿ ನಾನು," ಅಂದೆ.

ಅವಳು ನನ್ನ ಕೊರಳಿನ ಗುರುತಿನ ಚೀಟಿ, ಬೂಟು ನೋಡಿ ನಕ್ಕಳು. "ನೀವು ಆಫೀಸಿನವ್ರು. ನೀವ್ಯಾಕ ಬಿಡ್ತೀರಿ?" ಎಂದು ಮತ್ತೆ ಮೀನು ಆರಿಸತೊಡಗಿದಳು.

ನಾನು ಬೂಟು ಕಳಚಿ ಅವಳೆದುರು ನೆಲಕ್ಕೆ ಕೂತೆ. ಹುಡುಗಿಯನ್ನು ಬೇಡವೆಂದ ಮನೆಯ ಹಿರಿಯರನ್ನು ಕರೆಸಲಾದೀತೇ ಎಂದು ಕೇಳಿದೆ. ಅವಳು ಅನುಮಾನದಿಂದಲೇ ಎದ್ದು ಹೋಗಿ, ಒಬ್ಬ ಮುದುಕನನ್ನೂ ಅವನ ಹಿಂದೆ ಮೂರು ನಾಲ್ಕು ಜನರನ್ನೂ ಕರೆದುಕೊಂಡು ಬಂದಳು. ಅವರು ನಿಂತೇ ಇದ್ದರು. ನಾನು ಮೊದಲಿಂದ ಹೇಳಲು ಶುರು ಮಾಡಿದೆ.